ಅಮರನಾಯಕತನದಿಂದ ಅರಸೊತ್ತಿಗೆಗೆ: ವಿಜಯನಗರದ ಅವನತಿಯ ಕಾಲ ಮತ್ತು ಜನಪದ ಸ್ಮೃತಿ

ವಿಜಯನಗರದ ಚರಿತ್ರೆಯನ್ನು ಬರೆಯುವವರು 1565ರ ಜನವರಿಯನ್ನು ಒಂದು ಗಡಿಕಲ್ಲಾಗಿ ನಿಲ್ಲಿಸುವುದು ವಾಡಿಕೆ. ರಕ್ಕಸಗಿ-ತಂಗಡಗಿಯ ಕಾಳಗದಲ್ಲಿ ಅಳಿಯ ರಾಮರಾಯ ಮಡಿದನು, ರಾಜಧಾನಿ ಹಾಳಾಯಿತು, ನಾಯಕರು ಸ್ವತಂತ್ರರಾದರು ಎಂದು ಪಠ್ಯಗ್ರಂಥಗಳು ಸಂಗ್ರಹಿಸಿ ಹೇಳುತ್ತವೆ. ಈ ಮೂರು ಮಾತುಗಳಲ್ಲಿ ಮೊದಲ ಎರಡಕ್ಕೆ ಆಕ್ಷೇಪವಿಲ್ಲ. ಮೂರನೆಯದು ಮಾತ್ರ ವಿಮರ್ಶೆಯನ್ನು ಬೇಡುತ್ತದೆ. ಕೆಳದಿ, ಯಲಹಂಕ, ಮೈಸೂರು, ಮಧುರೆ, ತಂಜಾವೂರು, ಸೆಂಜಿ ಇವುಗಳಲ್ಲಿ ಯಾವ ಮನೆತನವೂ 1565ರ ಮರುದಿನ ತಾನು ಸ್ವತಂತ್ರವೆಂದು ಸಾರಲಿಲ್ಲ. ಯುದ್ಧ ಮುಗಿದು ದಶಕಗಳು ಕಳೆದ ಮೇಲೂ ನಾಯಕರ ದಾನಶಾಸನಗಳು ಪೆನುಗೊಂಡೆಯಲ್ಲಿಯೋ ಚಂದ್ರಗಿರಿಯಲ್ಲಿಯೋ ಆಳುತ್ತಿದ್ದ ರಾಯನ ಹೆಸರನ್ನು ಮೊದಲು ಹೇಳಿಯೇ ಮುಂದುವರಿಯುತ್ತವೆ. ಹಾಗಿದ್ದೂ ಹದಿನೇಳನೆಯ ಶತಮಾನದ ನಡುಗಾಲಕ್ಕೆ ಬರುವ ಹೊತ್ತಿಗೆ ರಾಯನೆಂಬವನು ತನ್ನ ನಾಯಕನೊಬ್ಬನ ಆಶ್ರಯದಲ್ಲಿ ಬದುಕುವಂತಾಗಿತ್ತು. ಘೋಷಣೆಯಿಲ್ಲದೆ ನಡೆದುಹೋದ ಈ ಪಲ್ಲಟವನ್ನು ಅರಿಯುವುದು ಹೇಗೆ ಎಂಬುದೇ ಪ್ರಸ್ತುತ ಪ್ರಬಂಧದ ಪ್ರಶ್ನೆ.

ಇದಕ್ಕೆ ದೊರೆಯುವ ಆಕರಗಳು ಎರಡು ಬಗೆಯವು. ಶಾಸನ, ನಾಣ್ಯ, ಆಸ್ಥಾನಕಾವ್ಯ, ವಿದೇಶೀ ಪ್ರವಾಸಿಗರ ಬರಹಗಳು ಒಂದು ಬಗೆ. ಆಯಾ ಮನೆತನಗಳ ಸುತ್ತ ಜನರ ಬಾಯಲ್ಲಿ ಉಳಿದುಬಂದ ಐತಿಹ್ಯಗಳು ಇನ್ನೊಂದು ಬಗೆ. ಇತಿಹಾಸಕಾರರು ಮೊದಲನೆಯದನ್ನು ನೆಚ್ಚಿ ಎರಡನೆಯದನ್ನು ಕಟ್ಟುಕಥೆಯೆಂದು ಬದಿಗಿಟ್ಟಿರುವುದುಂಟು. ಜಾನಪದ ಸಂಗ್ರಾಹಕರು ಎರಡನೆಯದನ್ನು ಸಂಗ್ರಹಿಸಿ ಮೊದಲನೆಯದರ ಗೊಡವೆಗೆ ಹೋಗದಿರುವುದೂ ಉಂಟು. ಎರಡನ್ನೂ ಎದುರುಬದುರು ಇರಿಸಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಧಿಕಾರ ಯಾರಿಂದ ಬಂದಿತೆಂಬುದನ್ನು ಶಾಸನ ಹೇಳುತ್ತದೆ. ಆ ಅಧಿಕಾರ ಯಾರ ಪಾಲಿನ ನಷ್ಟದಿಂದ ಗಟ್ಟಿಯಾಯಿತೆಂಬುದನ್ನು ಐತಿಹ್ಯ ಹೇಳುತ್ತದೆ.

1. ಅಮರನಾಯಕ ಪದ್ಧತಿಯ ಸ್ವರೂಪ

ವಿಜಯನಗರದ ಅರಸರು ದಂಡನಾಯಕರಿಗೆ ಸೈನ್ಯ ಸಾಕುವ ಕರಾರಿನ ಮೇಲೆ ಭೂಪ್ರದೇಶಗಳನ್ನು ವಹಿಸಿಕೊಡುತ್ತಿದ್ದರು. ಇದೇ ಅಮರ; ಅದನ್ನು ಪಡೆದವನು ಅಮರನಾಯಕ. 1535ರ ಸುಮಾರಿಗೆ ವಿಜಯನಗರದ ವೃತ್ತಾಂತವನ್ನು ಬರೆದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನು ಈ ವ್ಯವಸ್ಥೆಯ ಲೆಕ್ಕವನ್ನು ಕೊಟ್ಟಿದ್ದಾನೆ. ಅವನ ಪ್ರಕಾರ ರಾಜ್ಯವು 200ಕ್ಕೂ ಹೆಚ್ಚು ನಾಯಕರಲ್ಲಿ ಹಂಚಿಹೋಗಿತ್ತು. ಅವರ ನೆಲಗಳ ಒಟ್ಟು ಹುಟ್ಟುವಳಿ 120 ಲಕ್ಷ ಹೊನ್ನು. ಅದರಲ್ಲಿ 60 ಲಕ್ಷ ಅರಸನಿಗೆ ಸಲ್ಲಬೇಕು, ಉಳಿದುದರಲ್ಲಿ ಅವರು ಆಳು, ಆನೆ, ಕುದುರೆಗಳನ್ನು ಸಾಕಬೇಕು. ನಾಯಕರು ಸಾಕಬೇಕಾಗಿದ್ದ ಕಾಲಾಳುಗಳ ಸಂಖ್ಯೆ ಆರು ಲಕ್ಷ, ಕುದುರೆಗಳ ಸಂಖ್ಯೆ 24,000. ಈ ಅಂಕಿಗಳಲ್ಲಿ ಪ್ರವಾಸಿಗನ ಉತ್ಪ್ರೇಕ್ಷೆ ಇರಬಹುದಾದರೂ ವ್ಯವಸ್ಥೆಯ ನಡೆಯನ್ನು ಅವು ತೋರಿಸುತ್ತವೆ. ಗೊತ್ತುಪಡಿಸಿದಷ್ಟು ಸೈನ್ಯವನ್ನು ಇಟ್ಟುಕೊಳ್ಳದ ನಾಯಕನನ್ನು ದಂಡಿಸಿ ಅವನ ಸೀಮೆಯನ್ನು ಕಿತ್ತುಕೊಳ್ಳುವ ಅಧಿಕಾರ ಅರಸನಿಗೆ ಇತ್ತು. ಪ್ರತಿಯೊಬ್ಬ ನಾಯಕನೂ ರಾಜಧಾನಿಯಲ್ಲಿ ತನ್ನ ಪರವಾಗಿ ಒಬ್ಬ ಅಧಿಕಾರಿಯನ್ನು ಇರಿಸಿ ಅರಮನೆಯ ಸುದ್ದಿಯನ್ನು ತಿಳಿದುಕೊಳ್ಳುತ್ತಿದ್ದನು. ದೇಶಭಾಷೆಗಳಲ್ಲಿ ಈ ಪ್ರತಿನಿಧಿಯ ಹೆಸರು ಸ್ಥಾನಾಪತಿ.

ಈ ಸಂಬಂಧವೆಲ್ಲ ವರ್ಷಕ್ಕೊಮ್ಮೆ ಕಣ್ಣಿಗೆ ಕಾಣುವಂತೆ ಪ್ರಕಟವಾಗುತ್ತಿದ್ದುದು ಮಹಾನವಮಿಯಲ್ಲಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯೆಸ್ ಈ ಹಬ್ಬವನ್ನು ವಿವರವಾಗಿ ಬಣ್ಣಿಸಿದ್ದಾನೆ. ನಾಯಕರು ತಂತಮ್ಮ ಬಲದೊಂದಿಗೆ ರಾಜಧಾನಿಗೆ ಬರಬೇಕು, ರಾಯನಿಗೆ ವಂದಿಸಬೇಕು, ಕಾಣಿಕೆ ಸಲ್ಲಿಸಬೇಕು, ಸೇನೆಯ ಪರಿವೀಕ್ಷಣೆಗೆ ನಿಲ್ಲಬೇಕು. ನಾಯಕರಿಂದ ಬರಬೇಕಾದ ಹಣವೂ ಸೆಪ್ಟೆಂಬರ್ ತಿಂಗಳ ಈ ಒಂಬತ್ತು ದಿನಗಳ ಹಬ್ಬದಲ್ಲೇ ಸಂದಾಯವಾಗುತ್ತಿತ್ತೆಂದು ನೂನಿಜ್ ಹೇಳುತ್ತಾನೆ. ಮಹಾನವಮಿ ಒಂದೇ ಕಾಲಕ್ಕೆ ದೇವೀಪೂಜೆಯೂ ಲೆಕ್ಕಪತ್ರದ ದಿನವೂ ಸೇನಾ ತಪಾಸಣೆಯೂ ಆಗಿತ್ತು. ಸಾಮ್ರಾಜ್ಯದ ಅವನತಿಯಲ್ಲಿ ಈ ಹಬ್ಬದ ಗತಿಯೇನಾಯಿತೆಂಬುದನ್ನು ಗಮನಿಸಿದರೆ ನಾಯಕರ ಸ್ವಾಯತ್ತತೆಯ ಹಾದಿಯೂ ತಿಳಿಯುತ್ತದೆ.

ಪ್ರಾಂತಗಳನ್ನು ಆಳುತ್ತಿದ್ದವರೆಲ್ಲ ಒಂದೇ ಹಿನ್ನೆಲೆಯವರಲ್ಲ. ಶ್ರೀರಂಗಪಟ್ಟಣದಲ್ಲಿ ಇದ್ದವನು ರಾಜವಂಶದ ಪ್ರತಿನಿಧಿ. ಮಧುರೆಯ ವಿಶ್ವನಾಥ ನಾಯಕ, ತಂಜಾವೂರಿನ ಸೇವಪ್ಪ ನಾಯಕರು ಆಸ್ಥಾನದ ಬಳಗದಿಂದ ಪ್ರಾಂತಕ್ಕೆ ಹೋದವರು. ಕೆಳದಿ, ಯಲಹಂಕ, ಮೈಸೂರುಗಳವರು ನೆಲದಲ್ಲೇ ಬೇರುಬಿಟ್ಟಿದ್ದ ಗೌಡರು, ಒಡೆಯರು. ಚಿತ್ರದುರ್ಗದವರು ಬೇಡ ಪಡೆಯ ನಾಯಕರು. ಮೊದಲಿನವನಿಗೆ ರಕ್ತಸಂಬಂಧವೂ ಎರಡನೆಯವರಿಗೆ ರಾಯನ ನೇಮಕವೂ ಆಧಾರ. ಮೂರನೆಯ ಗುಂಪಿನವರಿಗಾದರೋ ಊರು, ಕುಲ, ಕೆರೆ, ಕೋಟೆಗಳೇ ಆಧಾರ. ಸಾಮ್ರಾಜ್ಯ ಕುಸಿದಾಗ ಕನ್ನಡ ನಾಡಿನಲ್ಲಿ ಗಟ್ಟಿಯಾಗಿ ಉಳಿದವರು ಈ ಮೂರನೆಯ ಗುಂಪಿನವರೇ ಆಗಿರುವುದು ಆಕಸ್ಮಿಕವಲ್ಲ.

2. 1565ರ ನಂತರ: ಹೆಸರು ಉಳಿದು ಹಿಡಿತ ಸಡಿಲಿದ ಬಗೆ

ಯುದ್ಧದ ನಂತರ ರಾಮರಾಯನ ತಮ್ಮ ತಿರುಮಲನು ಸದಾಶಿವರಾಯನನ್ನು ಕರೆದುಕೊಂಡು ಪೆನುಗೊಂಡೆಗೆ ಹಿಂದೆಗೆದನು. ಮುಂದೆ ತಾನೇ ಸಿಂಹಾಸನವನ್ನೇರಿ ಅರವೀಡು ವಂಶದ ಆಳ್ವಿಕೆಯನ್ನು ಆರಂಭಿಸಿದನು. ರಾಜ್ಯವನ್ನು ಭಾಷಾ ಸೀಮೆಗಳಿಗೆ ಹೊಂದುವಂತೆ ಮೂವರು ಮಕ್ಕಳಿಗೆ ವಹಿಸಿದನೆಂಬುದು ಪ್ರಸಿದ್ಧ: ತೆಲುಗು ಸೀಮೆ ಪೆನುಗೊಂಡೆಯಿಂದ ಶ್ರೀರಂಗನಿಗೆ, ಕನ್ನಡ ಸೀಮೆ ಶ್ರೀರಂಗಪಟ್ಟಣದಿಂದ ರಾಮನಿಗೆ, ತಮಿಳು ಸೀಮೆ ಚಂದ್ರಗಿರಿಯಿಂದ ವೆಂಕಟಪತಿಗೆ. ಆಡಳಿತದ ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡು ನಾಯಕರಿಗೂ ರಾಯನಿಗೂ ನಡುವೆ ಇನ್ನೊಂದು ಮೆಟ್ಟಿಲನ್ನು ನಿಲ್ಲಿಸಿತು. ಮೈಸೂರಿನ ಒಡೆಯರು ಪೊಗದಿ ಕೊಡಬೇಕಾದುದು ಈಗ ಶ್ರೀರಂಗಪಟ್ಟಣದ ಪ್ರತಿನಿಧಿಗೆ. ಪ್ರತಿನಿಧಿಯನ್ನು ಎದುರಿಸಿದರೂ ರಾಯನನ್ನು ಎದುರಿಸಿದಂತೆ ಆಗಲಿಲ್ಲ.

ಹಿಡಿತ ಸಡಿಲಲು ಆರ್ಥಿಕ ಕಾರಣಗಳೂ ಇದ್ದವು. ವಿಜಯನಗರದ ಸೈನ್ಯಬಲ ಪಶ್ಚಿಮ ಕರಾವಳಿಯ ರೇವುಗಳಿಂದ ಬರುತ್ತಿದ್ದ ಕುದುರೆಗಳನ್ನು ಅವಲಂಬಿಸಿತ್ತು. 1568 ಮತ್ತು 1569ರಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು, ಮಂಗಳೂರುಗಳಲ್ಲಿ ನೆಲೆಯೂರಿದರು. ಪೂರ್ವದ ಬೆಟ್ಟಗಳತ್ತ ಸರಿದ ರಾಜಧಾನಿಗೆ ಕರಾವಳಿ ಕೈಗೆಟುಕದಾಯಿತು. ಘಟ್ಟದ ಮೇಲಿನ ಮೆಣಸು, ಘಟ್ಟದ ಕೆಳಗಿನ ಅಕ್ಕಿ ಇವೆರಡರ ವ್ಯಾಪಾರವೂ ಕೆಳದಿಯ ನಾಯಕರ ಹಿಡಿತಕ್ಕೆ ಬಂದಿತು. 1623ರಲ್ಲಿ ಪೋರ್ಚುಗೀಸ್ ರಾಯಭಾರದೊಂದಿಗೆ ಇಕ್ಕೇರಿಗೆ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಅಲ್ಲಿನ ವೆಂಕಟಪ್ಪ ನಾಯಕನ ಸ್ಥಿತಿಯನ್ನು ಚೆನ್ನಾಗಿ ಗ್ರಹಿಸಿದ್ದಾನೆ. ಹಿಂದೆ ವಿಜಯನಗರದ ದೊರೆಗೆ ಅಧೀನವಾಗಿದ್ದ ಮನೆತನ, ಆ ದೊರೆಯ ಪತನದ ನಂತರ ತಾನು ಆಡಳಿತ ನೋಡಿಕೊಳ್ಳುತ್ತಿದ್ದ ಸೀಮೆಗೆ ತಾನೇ ಪೂರ್ಣ ಒಡೆತನವನ್ನು ಪಡೆಯಿತೆಂಬುದು ಅವನ ವಿವರಣೆಯ ಸಾರ. ಬಂಡಾಯದ ಮಾತು ಅಲ್ಲಿಲ್ಲ. ಮೇಲಿನವನು ಇಲ್ಲವಾದುದರಿಂದ ಕೆಳಗಿನವನು ಒಡೆಯನಾದನು, ಅಷ್ಟೆ.

ನಾಣ್ಯಗಳು ಹೇಳುವುದೂ ಇದನ್ನೇ. ಇಕ್ಕೇರಿ ವರಾಹದ ಒಂದು ಮುಖದಲ್ಲಿ ಉಮಾಮಹೇಶ್ವರರ ಚಿತ್ರ, ಇನ್ನೊಂದು ಮುಖದಲ್ಲಿ ನಾಗರಿಯಲ್ಲಿ ಶ್ರೀ ಸದಾಶಿವ ಎಂಬ ಬರಹ ಇದೆ. ಈ ಮಾದರಿ ವಿಜಯನಗರದ ಸದಾಶಿವರಾಯನ ನಾಣ್ಯದಿಂದ ಬಂದುದು. ಕೆಳದಿಯ ಮನೆತನವನ್ನು ಎತ್ತರಕ್ಕೇರಿಸಿದವನ ಹೆಸರೂ ಸದಾಶಿವ ನಾಯಕ. ಪರಶಿವನ ಹೆಸರೂ ಅದೇ. ಒಂದೇ ಅಕ್ಷರಮಾಲೆ ರಾಯನಿಗೂ ನಾಯಕನಿಗೂ ದೇವರಿಗೂ ಸಲ್ಲುವಂತಿದ್ದಾಗ ನಾಣ್ಯದಲ್ಲಿ ಯಾವ ಬದಲಾವಣೆಯನ್ನೂ ಮಾಡದೆ ಒಡೆತನವನ್ನು ಬದಲಾಯಿಸಿಕೊಳ್ಳುವುದು ಸಾಧ್ಯವಾಯಿತು.

ವೆಂಕಟಪತಿರಾಯನು 1614ರಲ್ಲಿ ತೀರಿಕೊಂಡ ಮೇಲೆ ಉತ್ತರಾಧಿಕಾರಕ್ಕಾಗಿ ಅಂತಃಕಲಹ ಎದ್ದಿತು. ಜಗ್ಗರಾಯನು ಹೊಸ ಅರಸ ಶ್ರೀರಂಗನನ್ನೂ ಅವನ ಕುಟುಂಬವನ್ನೂ ಕೊಲ್ಲಿಸಿದನು; ಬದುಕುಳಿದ ಬಾಲಕ ರಾಮದೇವನ ಪಕ್ಷವನ್ನು ಯಾಚಮ ನಾಯಕನೂ ತಂಜಾವೂರಿನ ರಘುನಾಥ ನಾಯಕನೂ ವಹಿಸಿದರು. ಮಧುರೆ ಮತ್ತು ಸೆಂಜಿಯ ನಾಯಕರು ಎದುರು ಪಕ್ಷದಲ್ಲಿ ನಿಂತರು. ಕಾವೇರಿಯ ತೀರದ ತೋಪೂರಿನಲ್ಲಿ ನಡೆದ ಕಾಳಗದಲ್ಲಿ ರಾಮದೇವನ ಕಡೆಯವರು ಗೆದ್ದರು. ಈ ಪ್ರಸಂಗದ ಮಹತ್ತ್ವವಿರುವುದು ಗೆಲವಿನಲ್ಲಲ್ಲ. ಅದುವರೆಗೆ ರಾಯನು ನಾಯಕರನ್ನು ನೇಮಿಸುತ್ತಿದ್ದನು; ತೋಪೂರಿನಲ್ಲಿ ನಾಯಕರು ರಾಯನನ್ನು ನೇಮಿಸಿದರು. ಅಷ್ಟಾದರೂ ರಾಯನೆಂಬ ಪದವಿಯೇ ಬೇಡವೆಂದು ಯಾರೂ ಹೇಳಲಿಲ್ಲ. ಅಧಿಕಾರದ ಸಾಧುತ್ವಕ್ಕೆ ಆ ಹೆಸರು ಬೇಕಾಗಿತ್ತು. ಕೃಷ್ಣದೇವರಾಯನ ಕಾಲದ ವರದಿಯಂತೆ ತೋರುವ ತೆಲುಗಿನ ರಾಯವಾಚಕಮು ಸ್ಥಾನಾಪತಿಯೊಬ್ಬನು ಮಧುರೆಯ ನಾಯಕನಿಗೆ ಕಳುಹಿಸಿದ ಓಲೆಯ ರೂಪದಲ್ಲಿದೆ. ಆದರೆ ಅದು ರಚನೆಯಾದುದು 1600ರ ಸುಮಾರಿಗೆ, ಮಧುರೆಯ ನಾಯಕರ ಆಸ್ಥಾನದಲ್ಲಿ ಎಂಬುದನ್ನು ಆಧುನಿಕ ಸಂಶೋಧನೆ ತೋರಿಸಿಕೊಟ್ಟಿದೆ. ಇಲ್ಲವಾದ ನಗರದ ವೈಭವವನ್ನು ನೆನೆಯುವುದು ಅಂದಿನ ನಾಯಕರ ರಾಜಕೀಯದ ಭಾಗವೇ ಆಗಿತ್ತು.

3. ಕೆಳದಿ: ನಿಧಿ ಮತ್ತು ಬಲಿ

ದಾಖಲೆಗಳು ತೋರಿಸುವ ಈ ನಿರಂತರತೆಯ ಪಕ್ಕದಲ್ಲಿ ಐತಿಹ್ಯಗಳನ್ನು ಇಟ್ಟು ನೋಡಬೇಕು. ಕೆಳದಿ ಮನೆತನದ ಮೂಲಪುರುಷರು ಹಳ್ಳಿಬೈಲಿನ ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು. ಅವರ ಹಸುವೊಂದು ಹುತ್ತದ ಮೇಲೆ ಹಾಲು ಕರೆಯುತ್ತಿತ್ತು; ಅಗೆದಾಗ ಲಿಂಗ ದೊರೆಯಿತು. ಅದೇ ಕೆಳದಿಯ ರಾಮೇಶ್ವರ. ಮುಂದೆ ಅವರಿಗೆ ನೆಲದಲ್ಲಿ ಖಡ್ಗವೂ ನಿಧಿಯೂ ಗೋಚರಿಸಿದವು. ನಿಧಿಯನ್ನು ಎತ್ತಬೇಕಾದರೆ ನರಬಲಿಯಾಗಬೇಕು. ಮನೆಯ ಜೀತದಾಳುಗಳಾದ ಯಾದವ, ಮುರಾರಿ ಎಂಬಿಬ್ಬರು ತಮ್ಮ ಹೆಸರು ಉಳಿಯಬೇಕೆಂಬ ಕರಾರಿನ ಮೇಲೆ ತಾವಾಗಿ ಬಲಿಯಾದರು. ಹೀಗೆ ದೊರೆತ ಹಣದಿಂದ ಅಣ್ಣತಮ್ಮಂದಿರು ಪಡೆ ಕಟ್ಟಿದರು. ರಾಯನ ಸೆರೆಗೆ ಸಿಕ್ಕರು. ಅವನ ಶತ್ರುವನ್ನು ಅಡಗಿಸಿ ಬಿಡುಗಡೆಯನ್ನೂ ಸೀಮೆಯ ಅಧಿಕಾರವನ್ನೂ ಪಡೆದರು.

ಹುತ್ತ, ಹಸು, ಹಾಲು, ನಿಧಿಗಳು ದಕ್ಷಿಣ ಭಾರತದ ಅನೇಕ ಸ್ಥಳಪುರಾಣಗಳಿಗೂ ಮನೆತನದ ಕಥೆಗಳಿಗೂ ಸಮಾನವಾದ ಆಶಯಗಳು. ಅವುಗಳಿಂದ ಕೆಳದಿಗೇ ವಿಶಿಷ್ಟವಾದುದೇನೂ ತಿಳಿಯುವುದಿಲ್ಲ. ವಿಶಿಷ್ಟವಾದುದು ಯಾದವ-ಮುರಾರಿಯರ ಪ್ರಸಂಗ. ಕೆಳದಿ ಅರಸರ ಶಾಸನಗಳಲ್ಲಿ ಎಡವಮುರಾರಿ, ಕೋಟೆಕೋಲಾಹಲ ಎಂಬ ಬಿರುದುಗಳು ಮತ್ತೆ ಮತ್ತೆ ಬರುತ್ತವೆ. ಎರಡನೆಯದು ಸದಾಶಿವ ನಾಯಕನು ರಾಯನ ಪರವಾಗಿ ಕೋಟೆಗಳನ್ನು ಗೆದ್ದುದಕ್ಕೆ ಸಂಬಂಧಿಸಿದುದು. ಅದು ಮೇಲಿನಿಂದ ಬಂದ ಬಿರುದು. ಮೊದಲನೆಯದನ್ನು ಐತಿಹ್ಯವು ಬಲಿಯಾದ ಇಬ್ಬರು ಆಳುಗಳ ಹೆಸರಿಗೆ ಜೋಡಿಸುತ್ತದೆ. ಅದು ಕೆಳಗಿನಿಂದ ಬಂದುದು. ಬಿರುದಿನ ನಿಷ್ಪತ್ತಿ ಬೇರೆಯೇ ಇರಬಹುದು. ಆದರೆ ಅರಸರ ಬಿರುದಾವಳಿಯನ್ನು ಕೇಳಿದ ಜನರು ಅದರಲ್ಲಿ ತಮ್ಮವರಿಬ್ಬರ ಹೆಸರನ್ನು ಗುರುತಿಸಿದರೆಂಬುದು ಮುಖ್ಯ. ರಾಯನ ಕೃಪೆಯಿಂದ ಬಂದ ಅಧಿಕಾರಕ್ಕೂ ಆಳಿನ ನೆತ್ತರಿನಿಂದ ಬಂದ ಅಧಿಕಾರಕ್ಕೂ ಒಂದೇ ಬಿರುದಾವಳಿಯಲ್ಲಿ ಜಾಗವಿದೆ.

4. ಯಲಹಂಕ ಮತ್ತು ಚಿತ್ರದುರ್ಗ: ಸೆರೆಮನೆಯ ಕಥೆಗಳು

ಯಲಹಂಕ ಪ್ರಭುಗಳಲ್ಲಿ ಪ್ರಸಿದ್ಧನಾದ ಹಿರಿಯ ಕೆಂಪೇಗೌಡನು 1537ರಲ್ಲಿ ಬೆಂಗಳೂರಿನ ಕೋಟೆ-ಪೇಟೆಗಳನ್ನು ಕಟ್ಟಿಸಿದನೆಂಬುದು ಎಲ್ಲರೂ ಒಪ್ಪುವ ಕಾಲ. ಅಚ್ಯುತರಾಯನು ಅವನಿಗೆ ಹಲಸೂರು, ಬೇಗೂರು, ವರ್ತೂರು, ಜಿಗಣಿ, ಕೆಂಗೇರಿ ಮೊದಲಾದ ಹೋಬಳಿಗಳನ್ನು ಬಿಟ್ಟುಕೊಟ್ಟನೆಂದು ಪರಂಪರೆ ಹೇಳುತ್ತದೆ. ಅದೇ ಪರಂಪರೆಯ ಪ್ರಕಾರ ಮುಂದೆ ರಾಯನ ಅಪ್ಪಣೆಯಿಲ್ಲದೆ ತನ್ನದೇ ನಾಣ್ಯವನ್ನು ಟಂಕಿಸಿದ ತಪ್ಪಿಗಾಗಿ ಕೆಂಪೇಗೌಡನು ಆನೆಗೊಂದಿಯಲ್ಲಿ ಐದು ವರ್ಷ ಸೆರೆಯಲ್ಲಿದ್ದನು. ಇಲ್ಲಿ ಗಮನಿಸಬೇಕಾದುದು ಸ್ವಾಯತ್ತತೆಯ ಗೆರೆ ಎಲ್ಲಿತ್ತೆಂಬುದು. ಕೆರೆ ಕಟ್ಟಿಸಬಹುದು, ಕೋಟೆ ಕಟ್ಟಿಸಬಹುದು, ಪೇಟೆ ನೆಲೆಗೊಳಿಸಬಹುದು, ನಾಣ್ಯ ಹೊಡೆಸುವಂತಿಲ್ಲ. ಕೆಳದಿಯವರು ರಾಯನ ಮಾದರಿಯನ್ನೇ ಉಳಿಸಿಕೊಂಡು ದಾಟಿದ ಗೆರೆಯನ್ನು ಕೆಂಪೇಗೌಡನು ಬಹಿರಂಗವಾಗಿ ದಾಟಿದನೆಂದು ಜನ ನೆನೆದರು.

ಬೆಂಗಳೂರಿನ ಕೋಟೆಯ ಬಗೆಗೆ ಇನ್ನೊಂದು ಐತಿಹ್ಯವಿದೆ. ಕೋಟೆಯ ಬಾಗಿಲು ನಿಲ್ಲದೆ ಮತ್ತೆ ಮತ್ತೆ ಕುಸಿಯುತ್ತಿತ್ತು. ಗರ್ಭಿಣಿಯ ಬಲಿಯಾಗದೆ ಅದು ನಿಲ್ಲದೆಂದು ತಿಳಿದುಬಂದಿತು. ಗೌಡನು ಒಪ್ಪಲಿಲ್ಲ. ಸೊಸೆ ಲಕ್ಷ್ಮೀದೇವಿ ರಾತ್ರಿ ಯಾರಿಗೂ ತಿಳಿಸದೆ ಹೋಗಿ ತನ್ನ ಕೊರಳನ್ನು ಕಡಿದುಕೊಂಡಳು, ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ನೆನಪಿನ ಗುಡಿಯಿದೆ. ಕೆರೆಗೆ ಹಾರವಾದ ಸೊಸೆಯ ಕಥೆಯನ್ನು ಬಲ್ಲ ಕನ್ನಡಿಗರಿಗೆ ಈ ಆಶಯ ಅಪರಿಚಿತವಲ್ಲ. ಅಲ್ಲಿ ಊರಿನ ನೀರಿಗಾಗಿ ಸೊಸೆ ಬಲಿಯಾದರೆ ಇಲ್ಲಿ ಮನೆತನದ ಕೋಟೆಗಾಗಿ ಬಲಿಯಾಗುತ್ತಾಳೆ. ಗೌಡಿಕೆ ಪ್ರಭುತ್ವವಾಗಿ ಬೆಳೆಯುವ ಹಂತದಲ್ಲಿ ಸೊಸೆಯ ಬಲಿ ಕೆರೆಯ ಏರಿಯಿಂದ ಕೋಟೆಯ ಬಾಗಿಲಿಗೆ ಸರಿದಿರುವುದು ಅರ್ಥಪೂರ್ಣವಾಗಿದೆ.

ಚಿತ್ರದುರ್ಗದ ಮತ್ತಿ ತಿಮ್ಮಣ್ಣ ನಾಯಕನ ಕಥೆಯಲ್ಲಿ ನಷ್ಟ ನಾಯಕನದೇ ಆಗಿದೆ. ತನ್ನ ಮೇಲೆ ದಂಡೆತ್ತಿ ಬಂದ ವಿಜಯನಗರದ ಸೇನಾಪತಿಯ ಕುದುರೆಯನ್ನು ಅಪಹರಿಸಲು ಅವನು ನಡುರಾತ್ರಿ ಪಾಳೆಯಕ್ಕೆ ನುಗ್ಗಿದನು. ಲಾಯದವನಿಗೆ ಎಚ್ಚರವಾದಾಗ ಹುಲ್ಲಿನಡಿ ಅಡಗಿದನು. ಲಾಯದವನು ಕುದುರೆಯನ್ನು ಕಟ್ಟಲು ಹೊಡೆದ ಗೂಟ ಅವನ ಅಂಗೈಯನ್ನು ತೂರಿ ನೆಲಕ್ಕೆ ನಾಟಿತು. ಉಸಿರೆತ್ತದೆ ಕಾದಿದ್ದು, ಎಲ್ಲರೂ ಮಲಗಿದ ಮೇಲೆ ಕೈಯನ್ನೇ ಕಡಿದುಕೊಂಡು ಕುದುರೆಯೊಡನೆ ಹೊರಬಂದನು. ಕುದುರೆಯನ್ನೊಯ್ದವನು ಪ್ರಾಣವನ್ನೂ ಒಯ್ಯಬಹುದಿತ್ತೆಂದು ಬೆರಗಾದ ಸೇನಾಪತಿ ಸಂಧಿ ಮಾಡಿಕೊಂಡನು. ರಾಯನು ಕರೆಸಿ ಮನ್ನಿಸಿದನು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ರಾಯನ ಅವಕೃಪೆಗೆ ಪಾತ್ರನಾಗಿ ಅವನು ವಿಜಯನಗರದ ಸೆರೆಯಲ್ಲೇ ಸತ್ತನು. ಸಾಮ್ರಾಜ್ಯದ ಬಲಕ್ಕೆ ಮೂಲವಾಗಿದ್ದ ಕುದುರೆಯೇ ಈ ಕಥೆಯ ವಸ್ತುವಾಗಿರುವುದನ್ನೂ, ಮೆಚ್ಚುಗೆ ಮತ್ತು ಸೆರೆ ಎರಡೂ ಒಂದೇ ಕೈಯಿಂದ ಬರುವುದನ್ನೂ ಗಮನಿಸಬೇಕು. ಅಮರನಾಯಕನ ಬದುಕಿನ ಅನಿಶ್ಚಿತತೆಯನ್ನು ಯಾವ ಶಾಸನವೂ ಇಷ್ಟು ಖಚಿತವಾಗಿ ಹೇಳಿಲ್ಲ.

5. ಶ್ರೀರಂಗಪಟ್ಟಣ: ಒಡವೆ ಮತ್ತು ಶಾಪ

ಸ್ವಾಯತ್ತತೆಯ ಪ್ರಕ್ರಿಯೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಮೈಸೂರಿನಲ್ಲಿ. ಶ್ರೀರಂಗಪಟ್ಟಣದಲ್ಲಿ ರಾಮನ ಮಗ ತಿರುಮಲರಾಯನು ಪ್ರತಿನಿಧಿಯಾಗಿದ್ದ ಕಾಲದಲ್ಲಿ ಮೈಸೂರಿನ ರಾಜ ಒಡೆಯರು (ಆಳ್ವಿಕೆ 1578-1617) ಹಂತಹಂತವಾಗಿ ಸುತ್ತಲ ಸೀಮೆಗಳನ್ನು ಕೂಡಿಸಿಕೊಂಡರು. 1610ರಲ್ಲಿ ಶ್ರೀರಂಗಪಟ್ಟಣವೇ ಅವರ ವಶವಾಯಿತು. ಇದು ಹೇಗಾಯಿತೆಂಬುದಕ್ಕೆ ಪರಸ್ಪರ ಒಪ್ಪದ ಎರಡು ನಿರೂಪಣೆಗಳಿವೆ. ಬೆನ್ನುಫಣಿ ರೋಗಕ್ಕೆ ತುತ್ತಾದ ತಿರುಮಲರಾಯನು ತಲಕಾಡಿನ ವೈದ್ಯನಾಥೇಶ್ವರನ ಸನ್ನಿಧಿಗೆ ಹೋಗುವಾಗ ಪಟ್ಟಣವನ್ನು ರಾಜ ಒಡೆಯರಿಗೆ ಒಪ್ಪಿಸಿದನೆಂಬುದು ಒಂದು. ಒಡೆಯರು ಬಲದಿಂದ ಗೆದ್ದುಕೊಂಡರೆಂಬುದು ಇನ್ನೊಂದು. ಒಪ್ಪಿಸಿದ್ದೋ ಕಸಿದದ್ದೋ ಎಂಬ ಈ ಸಂದೇಹ ಅಂದಿನ ಅಧಿಕಾರ ಹಸ್ತಾಂತರಗಳಿಗೆಲ್ಲ ಅನ್ವಯಿಸುತ್ತದೆ.

ಮುಂದಿನ ನಡೆ ಇನ್ನೂ ಸ್ವಾರಸ್ಯಕರವಾಗಿದೆ. ತನ್ನ ಅಣ್ಣನ ಮಗನಿಂದ ಪಟ್ಟಣವನ್ನು ಪಡೆದವರನ್ನು ವೆಂಕಟಪತಿರಾಯನು ದಂಡಿಸಲಿಲ್ಲ. 1612ರಲ್ಲಿ ಉಮ್ಮತ್ತೂರು ಮತ್ತು ಶ್ರೀರಂಗಪಟ್ಟಣಗಳ ಮೇಲಿನ ರಾಜ ಒಡೆಯರ ಅಧಿಕಾರಕ್ಕೆ ಅವನು ಮನ್ನಣೆ ಕೊಟ್ಟನು. ತಡೆಯಲಾಗದುದನ್ನು ದಾನವಾಗಿ ಕೊಟ್ಟು ಸಾಮ್ರಾಜ್ಯವು ತನ್ನ ಮಾನವನ್ನು ಉಳಿಸಿಕೊಂಡಿತು. ಗೆದ್ದುದನ್ನು ದಾನವಾಗಿ ಪಡೆದು ಮೈಸೂರು ತನ್ನ ಹಕ್ಕನ್ನು ಭದ್ರಪಡಿಸಿಕೊಂಡಿತು. ದಾಖಲೆಯ ದೃಷ್ಟಿಯಿಂದ ವ್ಯವಹಾರ ಇಲ್ಲಿಗೆ ಸಲೀಸಾಗಿ ಮುಗಿಯಿತು.

ಐತಿಹ್ಯದ ದೃಷ್ಟಿಯಿಂದ ಮುಗಿಯಲಿಲ್ಲ. ತಿರುಮಲರಾಯನ ಮಡದಿ ಅಲಮೇಲಮ್ಮನ ಒಡವೆಗಳನ್ನು ಶ್ರೀರಂಗಪಟ್ಟಣದ ರಂಗನಾಯಕಿ ಅಮ್ಮನವರಿಗೆ ವಿಶೇಷ ದಿನಗಳಲ್ಲಿ ತೊಡಿಸುವ ವಾಡಿಕೆಯಿತ್ತು. ಗಂಡನು ತೀರಿಕೊಂಡ ಮೇಲೆ ಆ ಒಡವೆಗಳನ್ನು ತರಲು ಒಡೆಯರ ಕಡೆಯವರು ಬಂದರು. ಮೂಗುತಿಯ ಮುತ್ತನ್ನು ಕೊಟ್ಟ ಅವಳು ಉಳಿದ ಒಡವೆಗಳನ್ನು ಮಡಿಲಿನಲ್ಲಿ ಕಟ್ಟಿಕೊಂಡು ಮಾಲಂಗಿಯ ಬಳಿ ಕಾವೇರಿಗೆ ಹಾರಿದಳು. ತಲಕಾಡನ್ನು ಮರಳು ಮುಚ್ಚಲೆಂದೂ ಮಾಲಂಗಿ ಮಡುವಾಗಲೆಂದೂ ಮೈಸೂರಿನ ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿದಳು. ತಲಕಾಡಿನ ಮರಳಿಗೆ ನದಿಯ ತಿರುವು, ಗಾಳಿ ಮತ್ತು ವಿಜಯನಗರದ ಕಾಲದಲ್ಲಿ ನಿರ್ಮಾಣವಾದ ಮಾಧವಮಂತ್ರಿ ಕಟ್ಟೆಯಿಂದ ನೀರಿನ ಹರಿವಿನಲ್ಲಾದ ಬದಲಾವಣೆ ಕಾರಣವೆಂದು ವಿದ್ವಾಂಸರು ವಿವರಿಸಿದ್ದಾರೆ. ಆ ವಿವರಣೆಯಿಂದ ಐತಿಹ್ಯದ ಬೆಲೆ ಕಡಿಮೆಯಾಗುವುದಿಲ್ಲ. ಒಡವೆಯೆಂಬುದು ಇಲ್ಲಿ ಬರಿಯ ಚಿನ್ನವಲ್ಲ. ಅಲಮೇಲಮ್ಮನಿಗೂ ದೇವಿಗೂ ಒಂದೇ ಒಡವೆ ಸಲ್ಲುತ್ತಿದ್ದುದರಿಂದ ಅದು ಆ ಪಟ್ಟಣದ ಒಡೆತನದ ಕುರುಹು. ಊರನ್ನು ಪಡೆದವರಿಗೆ ಕುರುಹು ಪೂರ್ತಿ ದಕ್ಕಲಿಲ್ಲ ಎಂಬುದೇ ಕಥೆಯ ಇಂಗಿತ. 1612ರ ಮನ್ನಣೆ ಯಾವ ಪ್ರಶ್ನೆಯನ್ನು ಮುಚ್ಚಿತೋ ಅದನ್ನೇ ಈ ಕಥೆ ತೆರೆದಿಟ್ಟಿತು. ಅರಮನೆಯೂ ಇದನ್ನು ಅಲ್ಲಗಳೆಯಲಿಲ್ಲ. ಅಲಮೇಲಮ್ಮನ ಮೂರ್ತಿಯನ್ನು ಇರಿಸಿಕೊಂಡು ಪೂಜೆ ಸಲ್ಲಿಸಿತು.

6. ಮಹಾನವಮಿಯ ಪಯಣ

ಶ್ರೀರಂಗಪಟ್ಟಣ ಕೈಸೇರಿದ 1610ರಲ್ಲೇ ರಾಜ ಒಡೆಯರು ಅಲ್ಲಿ ಮಹಾನವಮಿಯನ್ನು ಆಚರಿಸಿದರು. ಹಬ್ಬದ ಹಿಂದಿನ ದಿನ ಹಿರಿಯ ಮಗ ನರಸರಾಜ ತೀರಿಕೊಂಡರೂ ಆಚರಣೆಯನ್ನು ನಿಲ್ಲಿಸಲಿಲ್ಲವೆಂದೂ ಮುಂದೆಯೂ ಸಾವು ಅಡ್ಡಿಯಾಗದಂತೆ ಕಟ್ಟಳೆ ಮಾಡಿದರೆಂದೂ ಅರಮನೆಯ ಪರಂಪರೆ ಹೇಳುತ್ತದೆ. ನಾಯಕರು ರಾಯನ ಬಳಿಗೆ ಹೋಗಬೇಕಾಗಿದ್ದ ಹಬ್ಬವನ್ನು ನಾಯಕನೊಬ್ಬನು ತನ್ನ ಪಟ್ಟಣದಲ್ಲೇ ಆಚರಿಸಿದನೆಂದರೆ ಅವನು ಇನ್ನು ಹೋಗುವವನಲ್ಲ, ಬರಮಾಡಿಕೊಳ್ಳುವವನು. ಯಾವ ಶಾಸನದಲ್ಲೂ ಇಲ್ಲದ ಸ್ವಾತಂತ್ರ್ಯದ ಘೋಷಣೆ ಈ ಆಚರಣೆಯಲ್ಲಿದೆ. 1648ರಲ್ಲಿ ರಚಿತವಾದ ಗೋವಿಂದ ವೈದ್ಯನ ಕಂಠೀರವ ನರಸರಾಜ ವಿಜಯದಲ್ಲಿ ಶ್ರೀರಂಗಪಟ್ಟಣದ ಮಹಾನವಮಿ ವಿಸ್ತಾರವಾಗಿ ಬಂದಿದೆ. ವಿಜಯನಗರದ ಹಬ್ಬಕ್ಕೆ ಪಾಯೆಸ್ ಸಾಕ್ಷಿಯಾದಂತೆ ಮೈಸೂರಿನ ಹಬ್ಬಕ್ಕೆ ಕನ್ನಡ ಕವಿ ಸಾಕ್ಷಿಯಾದನು.

ಈ ಪಯಣ ಮೈಸೂರಿನಲ್ಲೇ ನಿಲ್ಲಲಿಲ್ಲ. ಮಧುರೆಯ ತಿರುಮಲ ನಾಯಕನು ತನ್ನ ಕೊನೆಗಾಲದಲ್ಲಿ, ಯುದ್ಧದಲ್ಲಿ ನೆರವಾದ ರಾಮನಾಡಿನ ರಘುನಾಥ ಸೇತುಪತಿಗೆ ಮಧುರೆಯ ರೀತಿಯಲ್ಲೇ ನವರಾತ್ರಿಯನ್ನು ಆಚರಿಸುವ ಅನುಮತಿಯನ್ನು ಕೊಟ್ಟನೆಂದು ಅಲ್ಲಿನ ಪರಂಪರೆ ಹೇಳುತ್ತದೆ. ರಾಯನಿಂದ ನಾಯಕನಿಗೆ, ನಾಯಕನಿಂದ ಅವನ ಪಾಳೆಯಗಾರನಿಗೆ ಹಬ್ಬವು ಮೆಟ್ಟಿಲು ಮೆಟ್ಟಿಲಾಗಿ ಇಳಿದುಬಂದಿತು. ಸಾಮ್ರಾಜ್ಯವನ್ನು ಕೆಡವಿದ ಅದೇ ಪ್ರಕ್ರಿಯೆ ಅದರ ಆಚಾರವನ್ನು ನಾಡಿನ ಮೂಲೆಮೂಲೆಗೆ ಹಂಚಿತು.

ಸಮಾರೋಪ

ಕೊನೆಯ ರಾಯ ಮೂರನೆಯ ಶ್ರೀರಂಗನು ಬಿಜಾಪುರ, ಗೋಲ್ಕೊಂಡಗಳ ಒತ್ತಡಕ್ಕೆ ಸಿಕ್ಕಿ ತನ್ನ ನೆಲೆಯನ್ನು ಕಳೆದುಕೊಂಡಾಗ ಅವನಿಗೆ ಆಶ್ರಯ ಕೊಟ್ಟವನು ಕೆಳದಿಯ ಶಿವಪ್ಪ ನಾಯಕ (ಆಳ್ವಿಕೆ 1645-1660). ಬೇಲೂರಿನ ಸೀಮೆಯಲ್ಲಿ ಅವನನ್ನು ಇರಿಸಿ, ಅವನ ಪಕ್ಷವಹಿಸಿ ಶಿವಪ್ಪ ನಾಯಕನು ಶ್ರೀರಂಗಪಟ್ಟಣಕ್ಕೂ ಮುತ್ತಿಗೆ ಹಾಕಿದನು. ಒಬ್ಬ ನಾಯಕನು ರಾಯನ ಹೆಸರಿನಲ್ಲಿ ಇನ್ನೊಬ್ಬ ನಾಯಕನ ಮೇಲೆ ದಂಡೆತ್ತಿ ಹೋದುದು ಇಲ್ಲಿನ ವಿಶೇಷ. ಹೆಸರಿಗೆ ಇನ್ನೂ ಬೆಲೆಯಿತ್ತು, ಹೆಸರಿನವನಿಗೆ ಇರಲಿಲ್ಲ.

ಈ ಎಲ್ಲ ಸಂಗತಿಗಳಿಂದ ಎರಡು ನಿರ್ಣಯಗಳಿಗೆ ಬರಬಹುದು. ಮೊದಲನೆಯದು, ವಿಜಯನಗರದ ನಾಯಕರು ಸ್ವಾಯತ್ತರಾದುದು ರಾಯನ ಅಧಿಕಾರವನ್ನು ನಿರಾಕರಿಸಿದುದರಿಂದಲ್ಲ. ಅವನ ಹೆಸರು, ನಾಣ್ಯ, ಹಬ್ಬಗಳನ್ನು ಒಂದೊಂದಾಗಿ ತಮ್ಮ ಮನೆಗೆ ತಂದುಕೊಂಡುದರಿಂದ. ಆದ್ದರಿಂದಲೇ 1565 ಎಂಬ ಒಂದು ವರ್ಷದಿಂದ ಈ ಬದಲಾವಣೆಯನ್ನು ಅಳೆಯಲಾಗದು. ಎರಡನೆಯದು, ದಾಖಲೆಗಳು ಮಾನ-ಮನ್ನಣೆಗಳ ಭಾಷೆಯಲ್ಲಿ ಹೇಳಿದ ಈ ಪ್ರಕ್ರಿಯೆಗೆ ಜನಪದ ಸ್ಮೃತಿ ಬೇರೊಂದು ಲೆಕ್ಕವನ್ನು ಇಟ್ಟುಕೊಂಡಿದೆ. ಕೆಳದಿಯಲ್ಲಿ ಇಬ್ಬರು ಆಳುಗಳು, ಬೆಂಗಳೂರಿನಲ್ಲಿ ಗರ್ಭಿಣಿ ಸೊಸೆ, ದುರ್ಗದಲ್ಲಿ ನಾಯಕನ ಸ್ವಂತ ಕೈ, ಶ್ರೀರಂಗಪಟ್ಟಣದಲ್ಲಿ ವಿಧವೆಯೊಬ್ಬಳ ಪ್ರಾಣ ಆ ಲೆಕ್ಕದಲ್ಲಿ ಸೇರಿವೆ. ಈ ಐತಿಹ್ಯಗಳು ಘಟನೆಗಳ ಕಾಲಾನುಕ್ರಮಕ್ಕೆ ಪ್ರಮಾಣವಾಗಲಾರವು. ಅವು ಬರಹಕ್ಕೆ ಇಳಿದುದೇ ಬಹಳ ತಡವಾಗಿ. ಒಂದರ ಆಶಯ ಇನ್ನೊಂದರಲ್ಲಿ ಬೆರೆತಿರುವುದೂ ಉಂಟು. ಆದರೆ ನಾಲ್ಕು ಬೇರೆ ಬೇರೆ ಸೀಮೆಗಳ ಜನರು ತಮ್ಮ ಅರಸೊತ್ತಿಗೆಯ ಹುಟ್ಟನ್ನು ನೆನೆಯುವಾಗಲೆಲ್ಲ ಅದರೊಂದಿಗೆ ಒಂದು ನಷ್ಟವನ್ನೂ ನೆನೆದರೆಂಬುದು ಸ್ವತಃ ಒಂದು ಚಾರಿತ್ರಿಕ ಸಂಗತಿ. ಅಧಿಕಾರವು ಮೇಲಿನಿಂದ ಕೆಳಗೆ ಇಳಿದು ಬಂದ ಕಾಲವನ್ನು ಅಧ್ಯಯನ ಮಾಡುವವರು ಕೊಟ್ಟವರ ಮತ್ತು ಪಡೆದವರ ಹೆಸರುಗಳ ಜೊತೆಗೆ ತೆತ್ತವರ ಹೆಸರುಗಳನ್ನೂ ಓದಬೇಕಾಗುತ್ತದೆ. ಆ ಹೆಸರುಗಳು ಉಳಿದಿರುವುದು ಹೆಚ್ಚಾಗಿ ಐತಿಹ್ಯಗಳಲ್ಲಿ, ಗುಡಿಗಳಲ್ಲಿ, ಬಿರುದಿನೊಳಗೆ ಜನ ಕೇಳಿಸಿಕೊಂಡ ಮಾತಿನಲ್ಲಿ.